ಕಡಿಮೆ ದುಡ್ಡಿನ ಫ್ಲ್ಯಾಷ್ ಟ್ರಿಗರ್ ಯಾವುದು ತಗೊಳ್ಳಲಿ? (ಮುಂಬೈ, ಪುಣೆ, ಗೋವಾ ಕಡೆಯವರು ಹೇಳಿ)

ಠಾಕುರ್ಲಿ ಹುಡುಗ:
ಎಲ್ಲರಿಗೂ ನಮಸ್ಕಾರ. ವಾರವೆಲ್ಲ ಆಫೀಸು, ಶನಿವಾರ ಭಾನುವಾರ ಫೋಟೊ. ನಮ್ಮವರ ಮನೆಯ ನಾಮಕರಣ, ಸೀಮಂತ, ಗೃಹಪ್ರವೇಶ ಇಂಥವೇ. ಡೊಂಬಿವಲಿ, ಕಲ್ಯಾಣ್ ಬಿಟ್ಟು ಆಚೆ ಹೋಗುವುದು ಕಡಿಮೆ. ಕ್ಯಾಮರಾ ನಿಕಾನ್ ಡಿ5600, ಕಿಟ್ ಲೆನ್ಸು, ಜೊತೆಗೆ 50 ಎಂಎಂ 1.8. ಇಷ್ಟು ದಿನ ಕ್ಯಾಮರಾದ ನೆತ್ತಿಯ ಮೇಲಿನ ಪುಟ್ಟ ಫ್ಲ್ಯಾಷಿನಲ್ಲೇ ಕಾಲ ತಳ್ಳಿದೆ. ಕಳೆದ ತಿಂಗಳು ಒಂದು ಸೀಮಂತ. ಹಸಿರು ಬಳೆ, ರೇಷ್ಮೆ ಸೀರೆ, ಮಲ್ಲಿಗೆ ದಂಡೆ, ಎಲ್ಲ ಚೆಂದವಿತ್ತು. ಫೋಟೊದಲ್ಲಿ ಮಾತ್ರ ಆ ಅಕ್ಕನ ಮುಖ ಸುಣ್ಣ ಬಳಿದ ಹಾಗೆ, ಹಿಂದಿನ ಗೋಡೆ ಮೇಲೆ ದಪ್ಪ ಕಪ್ಪು ನೆರಳು. ಅವರು ಏನೂ ಅನ್ನಲಿಲ್ಲ. ನನಗೇ ನಾಚಿಕೆಯಾಯಿತು.

ಈಗ ಫ್ಲ್ಯಾಷನ್ನು ಕ್ಯಾಮರಾದಿಂದ ಇಳಿಸಿ ಪಕ್ಕದಲ್ಲಿ ಸ್ಟ್ಯಾಂಡಿನ ಮೇಲೆ ಇಡೋಣ ಅಂತ. ಕ್ಯಾಮರಾ ಕ್ಲಿಕ್ಕಿಸಿದಾಗ ಅದನ್ನು ದೂರದಿಂದ ಹೊಡೆಸಲು ಟ್ರಿಗರ್ ಬೇಕಲ್ಲ. ಕೈಯಲ್ಲಿರುವುದು ಹನ್ನೆರಡು ಸಾವಿರ. ಫ್ಲ್ಯಾಷ್, ಟ್ರಿಗರ್, ಸ್ಟ್ಯಾಂಡು, ಬೆಳಕು ಮೃದು ಮಾಡುವ ಛತ್ರಿ ಎಲ್ಲ ಅದರಲ್ಲೇ ಆಗಬೇಕು. ಮನೆಯಲ್ಲಿ ಮಾವನ ಹಳೇ ಫ್ಲ್ಯಾಷ್ ಒಂದಿದೆ, ರೋಲಿನ ಕಾಲದ್ದು. ಅದಕ್ಕೇ ಸಾವಿರದೊಳಗಿನ ಟ್ರಿಗರ್ ಸೆಟ್ ಹಾಕಿದರೆ ಸಾಕಾ? ಟಿಟಿಎಲ್, ಎಚ್‌ಎಸ್‌ಎಸ್ ಅಂತ ಎಲ್ಲರೂ ಹೇಳುತ್ತಾರಲ್ಲ, ಅವೆಲ್ಲ ಬೇಕೇ ಬೇಕಾ?

ಕುರ್ಲಾ ಕ್ಯಾಮರಾ:
ಮೊದಲು ಎಚ್‌ಎಸ್‌ಎಸ್ ವಿಷಯ ಮುಗಿಸಿಬಿಡೋಣ, ಅಂದರೆ ಬಹಳ ವೇಗದ ಶಟರ್ ಜೊತೆಗೂ ಫ್ಲ್ಯಾಷ್ ಹೊಡೆಯುವ ಸೌಲಭ್ಯ. ನಿಮ್ಮ ಡಿ5600ರಲ್ಲಿ ಅದು ಇಲ್ಲವೇ ಇಲ್ಲ. ನಿಕಾನ್‌ನವರು ಅದಕ್ಕೆ ಆಟೊ ಎಫ್‌ಪಿ ಅನ್ನುತ್ತಾರೆ. ಡಿ3000, ಡಿ5000 ಸಾಲಿನ ಕ್ಯಾಮರಾಗಳಿಗೆ ಕೊಟ್ಟಿಲ್ಲ, ಡಿ7000 ಸಾಲಿನಿಂದ ಮೇಲಿನವಕ್ಕೆ ಇದೆ. ಎಷ್ಟೇ ದುಬಾರಿ ಟ್ರಿಗರ್ ತಂದು ಕೂರಿಸಿದರೂ ಫ್ಲ್ಯಾಷ್ ಜೊತೆ ನಿಮ್ಮ ಶಟರ್ 1/200 ಸೆಕೆಂಡಿನ ವೇಗ ದಾಟುವುದಿಲ್ಲ. ಮನೆಯೊಳಗಿನ ಸಮಾರಂಭಕ್ಕೆ ದಾಟಬೇಕಾಗಿಯೂ ಇಲ್ಲ.

ಟಿಟಿಎಲ್ ಅಂದರೆ, ಕ್ಯಾಮರಾ ಮೊದಲು ಒಂದು ಸಣ್ಣ ಮಿಂಚು ಹೊಡೆಸುತ್ತೆ. ವಾಪಸ್ ಬಂದ ಬೆಳಕನ್ನು ಲೆನ್ಸಿನ ಮೂಲಕ ಅಳೆದು, ನಿಜವಾದ ಫ್ಲ್ಯಾಷ್ ಎಷ್ಟು ಬೇಕು ಅಂತ ತೀರ್ಮಾನ ಮಾಡುತ್ತೆ. ಓಡಾಡಿಕೊಂಡು ಮೆರವಣಿಗೆ ಫೋಟೊ ತೆಗೆಯುವವರಿಗೆ ಇದು ವರ. ನಿಮ್ಮ ಕೆಲಸ ಹಾಗಲ್ಲ. ತೊಟ್ಟಿಲು ಒಂದೇ ಕಡೆ, ಸ್ಟ್ಯಾಂಡೂ ಒಂದೇ ಕಡೆ. ಬಿಳಿ ಪಂಚೆ, ಬಿಳಿ ಶಲ್ಯದ ಭಟ್ಟರು ಫ್ರೇಮಿನೊಳಗೆ ಬಂದ ಕೂಡಲೇ ಟಿಟಿಎಲ್ ಹೆದರಿ ಬೆಳಕು ಇಳಿಸುತ್ತೆ, ಮಗುವಿನ ಮುಖ ಕಪ್ಪಾಗುತ್ತೆ. ಮ್ಯಾನ್ಯುಅಲ್‌ನಲ್ಲಿ ಪೂರ್ತಿ ಪವರಿನ 1/8 ಅಂತ ನಾವೇ ಒಮ್ಮೆ ಹದ ಮಾಡಿಟ್ಟರೆ ಇನ್ನೂರು ಫೋಟೊವೂ ಒಂದೇ ತರಹ ಬರುತ್ತವೆ. ನಾನು ಮದುವೆಯ ವೇದಿಕೆಗೂ ಮ್ಯಾನ್ಯುಅಲ್ಲೇ ಇಡುವುದು.

ಇನ್ನು ಟ್ರಿಗರ್. ಅದನ್ನು ಹುಡುಕುವ ಮೊದಲು ಫ್ಲ್ಯಾಷ್ ನೋಡಿ ಮಾರಾಯ್ರೆ. ರಿಸೀವರ್ ಒಳಗೇ ಇರುವ ಫ್ಲ್ಯಾಷ್ ತಗೊಂಡರೆ ಅರ್ಧ ತಲೆನೋವು ಹೋಯಿತು. ಗೊಡಾಕ್ಸ್ ಟಿಟಿ600, ಯೊಂಗ್ನುವೊ ವೈಎನ್560-4, ಇವೆರಡೂ ಮ್ಯಾನ್ಯುಅಲ್ ಫ್ಲ್ಯಾಷ್‌ಗಳು, ಎರಡಕ್ಕೂ ರೇಡಿಯೊ ಒಳಗೇ ಇದೆ. ಕ್ಯಾಮರಾ ಮೇಲೆ ಅದೇ ಮನೆತನದ ಟ್ರಾನ್ಸ್‌ಮಿಟರ್ ಇಟ್ಟರೆ, ಕೂತಲ್ಲಿಂದಲೇ ಫ್ಲ್ಯಾಷಿನ ಪವರ್ ಏರಿಸಿ ಇಳಿಸಬಹುದು. ಇದೇ ದೊಡ್ಡ ಲಾಭ. ನೂರು ಜನ ಕೂತಿರುವ ಹಾಲಿನಲ್ಲಿ ಪ್ರತಿ ಸಲ ಸ್ಟ್ಯಾಂಡಿನವರೆಗೆ ಹೋಗಿ ಬಟನ್ ಒತ್ತಿ ಬರುವುದು ಎಂಥ ಅವಸ್ಥೆ ಅಂತ ಮಾಡಿದವರಿಗೇ ಗೊತ್ತು.

ಹಳೇ ರೋಲು:
ಮಾವನ ಫ್ಲ್ಯಾಷ್ ಅಂದಿರಲ್ಲ, ಅದನ್ನು ಸೀದಾ ಕ್ಯಾಮರಾದ ಹಾಟ್ ಶೂ (ನೆತ್ತಿಯಲ್ಲಿ ಫ್ಲ್ಯಾಷ್ ಸಿಕ್ಕಿಸುವ ಜಾಗ) ಮೇಲೆ ಮಾತ್ರ ಕೂರಿಸಬೇಡಿ ತಮ್ಮಾ. ಆ ಕಾಲದ ಫ್ಲ್ಯಾಷ್‌ಗಳಲ್ಲಿ ಟ್ರಿಗರ್ ವೋಲ್ಟೇಜ್ ವಿಪರೀತ ಇರುತ್ತಿತ್ತು. ವಿವಿಟಾರ್ 283ರ ಮೊದಮೊದಲಿನವು 200 ವೋಲ್ಟ್ ದಾಟುತ್ತವೆ. ರೋಲ್ ಕ್ಯಾಮರಾದಲ್ಲಿ ಬರೀ ಲೋಹದ ಸಂಪರ್ಕ, ತಡೆದುಕೊಳ್ಳುತ್ತಿತ್ತು. ಡಿಜಿಟಲ್ ಕ್ಯಾಮರಾದೊಳಗೆ ಸೂಕ್ಷ್ಮ ಸರ್ಕಿಟ್ ಇರುತ್ತೆ. ಮಲ್ಟಿಮೀಟರಿನಲ್ಲಿ ಕಾಲಿನ ನಡುವಿನ ಪಿನ್ನಿಗೂ ಪಕ್ಕದ ಲೋಹಕ್ಕೂ ಇಟ್ಟು ಅಳೆಯಿರಿ. ಫ್ಲ್ಯಾಷ್ ಚಾರ್ಜ್ ಆಗಿ ರೆಡಿ ದೀಪ ಹತ್ತಿರಬೇಕು.

ಇನ್ನೊಂದು ಮಾತು. ಟ್ರಿಗರ್ ಕೊಳ್ಳದೆಯೂ ಕಲಿಯಬಹುದು. ಈಗಿನ ಮ್ಯಾನ್ಯುಅಲ್ ಫ್ಲ್ಯಾಷ್‌ಗಳಲ್ಲಿ ಎಸ್1 ಅಂತ ಒಂದು ಮೋಡ್ ಇರುತ್ತೆ. ಬೇರೆ ಫ್ಲ್ಯಾಷಿನ ಮಿಂಚು ಕಂಡ ತಕ್ಷಣ ಇದೂ ಹೊಡೆಯುತ್ತೆ. ನಿಮ್ಮ ಡಿ5600ರ ಪುಟ್ಟ ಫ್ಲ್ಯಾಷನ್ನು ಮೆನುವಿನಲ್ಲಿ ಮ್ಯಾನ್ಯುಅಲ್ ಮಾಡಿ 1/32ಕ್ಕೆ ಇಳಿಸಿ. ಅದರ ಬೆಳಕು ಫೋಟೊದಲ್ಲಿ ಹೆಚ್ಚು ಕಾಣುವುದಿಲ್ಲ, ದೂರದ ಫ್ಲ್ಯಾಷಿಗೆ ಸನ್ನೆ ಮಾಡಿದ ಹಾಗಾಗುತ್ತೆ. ಟಿಟಿಎಲ್‌ನಲ್ಲಿ ಬಿಟ್ಟರೆ ಮೊದಲಿನ ಸಣ್ಣ ಮಿಂಚಿಗೇ ಅದು ಹೊಡೆದು ಖಾಲಿಯಾಗಿರುತ್ತೆ. ಅದಕ್ಕೆಂದೇ ಎಸ್2 ಇರುವುದು, ಮುಂಚಿನ ಮಿಂಚನ್ನು ಲೆಕ್ಕಕ್ಕೆ ತಗೊಳ್ಳುವುದಿಲ್ಲ. ಟ್ರಿಗರಿನ ದುಡ್ಡು ಉಳಿಯಿತು ನೋಡಿ.

ಕುರ್ಲಾ ಕ್ಯಾಮರಾ:
ಮನೆಯಲ್ಲಿ ಕಲಿಯಲಿಕ್ಕೆ ಸರಿ ಸರ್. ಸಮಾರಂಭಕ್ಕೆ ಬೇಡ. ಒಂದು ಮುಹೂರ್ತಕ್ಕೆ ಎಸ್1ರಲ್ಲಿ ಹೋಗಿದ್ದೆ. ವಿಡಿಯೋದವರ ಪಕ್ಕದಲ್ಲಿ ಹುಡುಗಿ ಕಡೆಯ ಫೋಟೊಗ್ರಾಫರ್, ಆಚೆ ಇನ್ಯಾರೋ ಸೋದರಮಾವ, ಅವರ ಕೈಯಲ್ಲೂ ಫ್ಲ್ಯಾಷ್. ಯಾರು ಹೊಡೆದರೂ ನನ್ನದು ಹೊಡೆಯುತ್ತಿತ್ತು. ತಾಳಿ ಕಟ್ಟುವ ಹೊತ್ತಿಗೆ ಸರಿಯಾಗಿ ಬ್ಯಾಟರಿ ಏದುಸಿರು ಬಿಡುತ್ತಿತ್ತು. ಅಂದಿನಿಂದ ರೇಡಿಯೊನೇ.

ಸರ್ಕಿಟ್ ಭಟ್:
ಅಗ್ಗದ ಸೆಟ್ಟಿನ ಪ್ರಶ್ನೆಗೆ ಉತ್ತರ. ತೀರಾ ಕಡಿಮೆ ದುಡ್ಡಿನವು ಸಾಮಾನ್ಯವಾಗಿ 433 ಮೆಗಾಹರ್ಟ್ಸ್‌ನವು. ಗೊಡಾಕ್ಸ್ ಸಿಟಿ-16 ಆ ಜಾತಿ, 16 ಚಾನೆಲ್ ಇದೆ. ಹೆಸರಿಲ್ಲದ ಸೆಟ್‌ಗಳಲ್ಲಿ ಬರೀ ನಾಲ್ಕು ಚಾನೆಲ್. ಟ್ರಾನ್ಸ್‌ಮಿಟರಿಗೆ 12 ವೋಲ್ಟಿನ ಕುಳ್ಳ ಸೆಲ್ ಬೇಕು, 23ಎ ಅನ್ನುತ್ತಾರೆ, ವೈರ್‌ಲೆಸ್ ಕಾಲಿಂಗ್ ಬೆಲ್ಲಿನ ಬಟನ್ನಿಗೆ ಹಾಕುತ್ತಾರಲ್ಲ ಅದೇ. ಅರ್ಧರಾತ್ರಿ ಯಾವ ಅಂಗಡಿಯಲ್ಲಿ ಸಿಗುತ್ತೆ? ಪೆನ್ಸಿಲ್ ಸೆಲ್ ಆದರೆ ಗಲ್ಲಿಯ ಕಿರಾಣಿ ಅಂಗಡಿಯಲ್ಲೂ ಇರುತ್ತೆ.

433 ಕೆಟ್ಟದ್ದು ಅಂತಲ್ಲ. ಗೋಡೆ, ಜನ ದಾಟಿ ಹೋಗುವುದರಲ್ಲಿ ಅದು 2.4 ಗಿಗಾಹರ್ಟ್ಸ್‌ಗಿಂತ ವಾಸಿ. ತೊಂದರೆ ಇರುವುದು ಅಗ್ಗದ ಸರ್ಕಿಟ್ಟಿನಲ್ಲಿ, ಸಿಗ್ನಲ್ ನಿಧಾನ. ಶಟರ್ 1/200ರಲ್ಲಿ ಪೂರ್ತಿ ತೆರೆದಿರುವ ಸಮಯ ಬಹಳ ಚಿಕ್ಕದು. ಅಷ್ಟರೊಳಗೆ ಫ್ಲ್ಯಾಷ್ ಹೊಡೆಯದಿದ್ದರೆ ಶಟರಿನ ಎರಡನೇ ಪರದೆ ಮುಚ್ಚಲು ಶುರುವಾಗಿರುತ್ತೆ, ಫೋಟೊದ ಕೆಳಗೆ ಕಪ್ಪು ಪಟ್ಟಿ ಬೀಳುತ್ತೆ. ಯಾವ ಟ್ರಿಗರ್ ತಗೊಂಡರೂ ಅಂಗಡಿಯಲ್ಲೇ ಒಂದು ಪರೀಕ್ಷೆ ಮಾಡಿ. ಬಿಳಿ ಗೋಡೆಗೆ ಫ್ಲ್ಯಾಷ್ ತಿರುಗಿಸಿ 1/200, 1/160, 1/125 ಮೂರರಲ್ಲೂ ಹೊಡೆಯಿರಿ. ಪಟ್ಟಿ ಎಲ್ಲಿ ಮಾಯವಾಗುತ್ತೋ ಅದೇ ಆ ಜೋಡಿಯ ಯೋಗ್ಯತೆ. 1/125 ಬಂದರೂ ಮನೆಯೊಳಗೆ ಧಾರಾಳ ಸಾಕು, ಅಂಥದ್ದಕ್ಕೆ ಅಳಬೇಕಿಲ್ಲ.

2.4ರ ವಿಷಯಕ್ಕೆ ಬಂದರೆ, ವೈಫೈ, ಬ್ಲೂಟೂತ್ ಎಲ್ಲ ಅಲ್ಲೇ ಓಡಾಡುವುದು. ಜೊತೆಗೆ ನೀರು ಆ ಅಲೆಯನ್ನು ಚೆನ್ನಾಗಿ ನುಂಗುತ್ತೆ, ಮನುಷ್ಯನ ಮೈತುಂಬ ನೀರೇ ಅಲ್ವಾ. ಡಬ್ಬದ ಮೇಲೆ ನೂರು ಮೀಟರ್ ಅಂತ ಬರೆದಿರುತ್ತಾರೆ, ಖಾಲಿ ಮೈದಾನದ ಲೆಕ್ಕ ಅದು. ತುಂಬಿದ ಹಾಲಿನಲ್ಲಿ ಸ್ಟ್ಯಾಂಡನ್ನು ಜನರ ತಲೆಗಿಂತ ಎತ್ತರಕ್ಕೆ ಏರಿಸಿ. ಚಾನೆಲ್ ಬದಲಿಸಿ ನೋಡಿ. ಗೊಡಾಕ್ಸ್ ಎಕ್ಸ್ ಮನೆತನದಲ್ಲಿ 32 ಚಾನೆಲ್, ಅದರ ಮೇಲೆ 1ರಿಂದ 99ರವರೆಗೆ ಐಡಿ ಬೇರೆ. ಐಡಿ, ಅಂದರೆ ನಿಮ್ಮ ಸೆಟ್ಟಿನ ಗುರುತಿನ ಸಂಖ್ಯೆ, ಖಂಡಿತ ಹಾಕಿಕೊಳ್ಳಿ. ಈಗ ಎಲ್ಲರ ಹತ್ತಿರವೂ ಅದೇ ಮನೆತನದ ಟ್ರಿಗರ್ ಇರುತ್ತೆ. ಡಬ್ಬದಿಂದ ತೆಗೆದ ಹಾಗೇ ಇಟ್ಟರೆ ಕುರ್ಲಾದವರು ಹೇಳಿದ ಸೋದರಮಾವನ ಕಥೆ ರೇಡಿಯೊದಲ್ಲೂ ನಡೆಯುತ್ತೆ.

ಪುಣೆ ಬೆಳಗಾವಿ:
ಯೊಂಗ್ನುವೊ ಬಗ್ಗೆ ಯಾರೂ ಎರಡು ಮಾತು ಜಾಸ್ತಿ ಹೇಳಲಿಲ್ಲ, ಅದಕ್ಕೆ ನಾನು ಬಂದೆ. ನನ್ನ ಹತ್ತಿರ ಇರುವುದು ಆರ್‌ಎಫ್-603ರ ಜೋಡಿ. ಯಾವುದನ್ನು ಬೇಕಾದರೂ ಟ್ರಾನ್ಸ್‌ಮಿಟರ್ ಮಾಡಬಹುದು, ಯಾವುದನ್ನು ಬೇಕಾದರೂ ರಿಸೀವರ್ ಮಾಡಬಹುದು. ಎರಡೆರಡು ಸಣ್ಣ ಪೆನ್ಸಿಲ್ ಸೆಲ್. ವೈರ್ ಸಿಕ್ಕಿಸಿದರೆ ಕ್ಯಾಮರಾದ ರಿಮೋಟ್ ಆಗಿಯೂ ಕೆಲಸಕ್ಕೆ ಬರುತ್ತೆ. ಯಾವ ಕಂಪನಿಯ ಹಳೇ ಫ್ಲ್ಯಾಷ್ ಇದ್ದರೂ ಕಾಲಿನ ಕೆಳಗೆ ಇದನ್ನು ಸಿಕ್ಕಿಸಿದರೆ ಆಯಿತು. ನಮ್ಮ ಮನೆಯಲ್ಲಿ ಮೂರು ಬೇರೆ ಬೇರೆ ಕಂಪನಿಯ ಫ್ಲ್ಯಾಷ್ ಇವೆ, ಮೂರನ್ನೂ ಒಂದೇ ಪಂಕ್ತಿಯಲ್ಲಿ ಕೂರಿಸಿದ್ದು ಇದು.

ಪವರ್ ಮಾತ್ರ ದೂರದಿಂದ ಬದಲಾಯಿಸಲಿಕ್ಕೆ ಬರುವುದಿಲ್ಲ ರೀ, ಅದು ಖರೆ. ನಾನು ತೆಗೆಯುವುದು ಪಾತ್ರೆ, ಮಸಾಲೆ ಡಬ್ಬಿ, ಸೀರೆ, ಇಂಥ ಸಾಮಾನಿನ ಫೋಟೊ. ಫ್ಲ್ಯಾಷ್ ಕೈಗೆ ಸಿಗುವಷ್ಟು ಹತ್ತಿರ ಇರುತ್ತೆ. ಅದಕ್ಕೆ ಎಕ್ಸ್2ಟಿ, ಎಕ್ಸ್‌ಪ್ರೊ ಅಂತ ಗೊಡಾಕ್ಸ್‌ನ ಟ್ರಾನ್ಸ್‌ಮಿಟರ್‌ಗಳಿಗೆ ದುಡ್ಡು ಹಾಕಲಿಲ್ಲ. ಸೆಲ್ಲು, ಚಾರ್ಜರು, ವೈರು ಎಲ್ಲ ಬುಧವಾರ ಪೇಟೆಯ ತಪ್ಕೀರ್ ಗಲ್ಲಿಯಲ್ಲಿ ತಗೊಂಡೆ. ಅಲ್ಲಿ ಚೌಕಾಸಿ ಮಾಡದೆ ಬಂದರೆ ಮನೆಯಲ್ಲಿ ಬೈಸಿಕೊಳ್ಳಬೇಕು.

ಕುರ್ಲಾ ಕ್ಯಾಮರಾ:
ಸಾಮಾನಿನ ಫೋಟೊಗೆ 603 ಸಾಕು, ಒಪ್ಪಿದೆ. ವೈಎನ್560-4 ಇದ್ದವರಿಗೆ ವೈಎನ್560-ಟಿಎಕ್ಸ್ ಹಾಕಿದರೆ ದೂರದಿಂದ ಪವರ್ ಕೂಡ ಸಿಗುತ್ತೆ, ಅದೂ ಒಳ್ಳೆಯ ಜೋಡಿ. ಆದರೂ ಈಗ ಹೊಸದಾಗಿ ಶುರು ಮಾಡುವವರಿಗೆ ನಾನು ಗೊಡಾಕ್ಸ್ ಅನ್ನುತ್ತೇನೆ. ಕಾರಣ ಒಂದೇ. ಇವತ್ತು ಟಿಟಿ600, ನಾಳೆ ಕೆಲಸ ಬೆಳೆದರೆ ಎಡಿ200, ಆಮೇಲೆ ದೊಡ್ಡ ಸ್ಟುಡಿಯೋ ದೀಪ. ಅದೇ ಟ್ರಿಗರ್ ಎಲ್ಲದಕ್ಕೂ ನಡೆಯುತ್ತೆ. ಟ್ರಿಗರ್ ತಗೊಳ್ಳುವುದು ಸಂಬಂಧ ಬೆಳೆಸಿದ ಹಾಗೆ, ಹುಡುಗಿಯ ಜೊತೆ ಮನೆತನವನ್ನೂ ವಿಚಾರಿಸಬೇಕು.

ಇನ್ನೂ ಒಂದು ಗುಟ್ಟು. ಟಿಟಿ600 ಒಳಗೆ ರಿಸೀವರ್ ಮಾತ್ರ ಅಲ್ಲ, ಟ್ರಾನ್ಸ್‌ಮಿಟರೂ ಇದೆ. ವೈಎನ್560-4ರಲ್ಲೂ ಹಾಗೇ. ಒಂದೇ ತರಹದ ಎರಡು ಫ್ಲ್ಯಾಷ್ ಇದ್ದರೆ ಒಂದನ್ನು ಕ್ಯಾಮರಾ ಮೇಲಿಟ್ಟು ಇನ್ನೊಂದನ್ನು ಹೊಡೆಸಬಹುದು. ಟ್ರಿಗರ್ ಬೇಕಾಗಿಯೇ ಇಲ್ಲ. ಗೆಳೆಯರ ಹತ್ತಿರ ಒಂದಿದ್ದರೆ ಕೇಳಿ ನೋಡಿ.

ವಾಸ್ಕೋ ಅಕ್ಕ:
ಎಚ್‌ಎಸ್‌ಎಸ್ ಬೇಡ ಅಂತ ಅಷ್ಟು ಸಲೀಸಾಗಿ ಹೇಳಬೇಡಿ. ನನ್ನ ಕೆಲಸವೆಲ್ಲ ಸಮುದ್ರದ ದಂಡೆಯಲ್ಲಿ, ಮದುವೆಗೆ ಮುಂಚಿನ ಫೋಟೊ. ನಡು ಮಧ್ಯಾಹ್ನದ ಬಿಸಿಲಿಗೆ ಐಎಸ್‌ಒ 100, ಶಟರ್ 1/200 ಇಟ್ಟರೆ ಅಪರ್ಚರ್ (ಲೆನ್ಸಿನ ಕಿಂಡಿ) ಎಫ್/11ರ ಹತ್ತಿರ ಬರುತ್ತೆ. ಹಿಂದಿನ ಶ್ಯಾಕು, ಕುರ್ಚಿ, ಪ್ರವಾಸಿಗಳು ಎಲ್ಲ ಕಣ್ಣು ಕುಕ್ಕುವ ಹಾಗೆ ಕಾಣುತ್ತಾರೆ. ಮಸುಕು ಮಾಡೋಣ ಅಂತ ಎಫ್/2.8ಕ್ಕೆ ಇಳಿದರೆ ನಾಲ್ಕು ಸ್ಟಾಪ್, ಅಂದರೆ ಹದಿನಾರು ಪಟ್ಟು ಬೆಳಕು. ಶಟರ್ 1/3200 ಬೇಕು. ಅಲ್ಲಿ ಎಚ್‌ಎಸ್‌ಎಸ್ ಇಲ್ಲದೆ ಆಗುವುದಿಲ್ಲ.

ಹಾಗಂತ ಅದು ಮಂತ್ರದಂಡವೂ ಅಲ್ಲ. ಶಟರಿನ ಸಣ್ಣ ಸಂದಿ ಸೆನ್ಸರಿನ ಮೇಲೆ ಜಾರುವಷ್ಟು ಹೊತ್ತೂ ಫ್ಲ್ಯಾಷ್ ಪಟಪಟ ಅಂತ ಮಿನುಗುತ್ತಲೇ ಇರಬೇಕು. ಶಕ್ತಿ ಬಹಳ ಇಳಿಯುತ್ತೆ. ಸೆಲ್ ಹಾಕುವ ಒಂದು ಸಣ್ಣ ಫ್ಲ್ಯಾಷು, ಮುಂದೆ ಛತ್ರಿ, ಮೇಲೆ ಸೂರ್ಯ, ಗೆಲ್ಲುವುದು ಯಾರು? ಛತ್ರಿ ತೆಗೆದು ಹಾಕಿ ಫ್ಲ್ಯಾಷನ್ನು ಹತ್ತಿರ ತರಬೇಕು. ಇಲ್ಲವೇ ಸಂಜೆ ಐದೂವರೆಯವರೆಗೆ ಕಾಯಬೇಕು. ನಾನು ಈಗ ಕಾಯುವ ಪೈಕಿ.

ಗಾಳಿಯ ವಿಷಯ ಹೇಳಲೇಬೇಕು. ಛತ್ರಿ ಕಟ್ಟಿದ ಸ್ಟ್ಯಾಂಡು ದಂಡೆಯಲ್ಲಿ ಹಾಯಿದೋಣಿಯ ಹಾಗೆ. ನನ್ನದು ಒಮ್ಮೆ ಮುಗ್ಗರಿಸಿ ಟ್ರಿಗರ್ ಉಪ್ಪುನೀರಿಗೆ ಬಿತ್ತು, ಅಲ್ಲಿಗೆ ಅದರ ಕಥೆ ಮುಗಿಯಿತು. ಈಗ ಎರಡು ಬಟ್ಟೆ ಚೀಲ ಒಯ್ಯುತ್ತೇನೆ, ಅಲ್ಲಿಯದೇ ಮರಳು ತುಂಬಿ ಸ್ಟ್ಯಾಂಡಿನ ಕಾಲಿಗೆ ನೇತುಹಾಕುತ್ತೇನೆ. ಹೋಗುವಾಗ ಸುರಿದುಬಿಟ್ಟರಾಯಿತು. ಎಸ್1, ಎಸ್2ರ ಆಪ್ಟಿಕಲ್ ಮೋಡನ್ನು ಬಿಸಿಲಿನಲ್ಲಿ ನೆಚ್ಚಿಕೊಳ್ಳಬೇಡಿ, ಫ್ಲ್ಯಾಷಿನ ಕಣ್ಣಿಗೆ ಮಿಂಚು ಕಾಣುವುದೇ ಇಲ್ಲ.

ಮುಲುಂಡ್ ಮಳೆ:
ನಡುವೆ ಬಾಯಿ ಹಾಕುತ್ತಿದ್ದೇನೆ, ಕ್ಷಮಿಸಿ. ನನ್ನದು ಕೆನಾನ್ 1500ಡಿ. ಪುಣೆಯವರು ಹೇಳಿದ ಹಾಗೆ 603 ತಗೊಳ್ಳಲಾ?

ಸರ್ಕಿಟ್ ಭಟ್:
ನಿಲ್ಲಿ ನಿಲ್ಲಿ. ಕ್ಯಾಮರಾದ ಹಾಟ್ ಶೂ ಒಮ್ಮೆ ಬಗ್ಗಿ ನೋಡಿ. ನಡುವೆ ಒಂದು ದೊಡ್ಡ ಗುಂಡು ಚುಕ್ಕೆ ಇದೆಯಾ? 1500ಡಿ, 3000ಡಿ, 200ಡಿ ಮಾರ್ಕ್ 2, ಈ ಮೂರರಲ್ಲಿ ಕೆನಾನ್‌ನವರು ಆ ನಡುವಿನ ಸಂಪರ್ಕವನ್ನೇ ತೆಗೆದಿದ್ದಾರೆ. 2018-19ರಲ್ಲಿ ಬಂದ ಮಾಡೆಲ್‌ಗಳು. ಒಂದೇ ಪಿನ್ನಿನ ಅಗ್ಗದ ಟ್ರಿಗರ್ ಯಾವುದೂ ಅದರ ಮೇಲೆ ಮಾತಾಡುವುದಿಲ್ಲ. ಕೆನಾನ್‌ನ ಭಾಷೆ ಬರುವ ಟಿಟಿಎಲ್ ಟ್ರಿಗರೇ ಬೇಕು, ಅದರಲ್ಲೂ ಫರ್ಮ್‌ವೇರ್ (ಒಳಗಿನ ಸಾಫ್ಟ್‌ವೇರ್) ಹೊಸದಿರಬೇಕು. ನಿಮ್ಮ ಕ್ಯಾಮರಾ ಒಯ್ದು, ಅಂಗಡಿಯಲ್ಲಿ ಹೊಡೆದು ನೋಡಿಯೇ ದುಡ್ಡು ಕೊಡಿ.

ಸೋನಿ ಇದ್ದವರಿಗೂ ಒಂದು ಮಾತು. ಅವರ ಶೂ ಬೇರೆ ಕಟ್ಟಿನದು. ಟಿಟಿ600 ಕ್ಯಾಮರಾ ಮೇಲೂ ಕೂರಬೇಕು ಅಂದರೆ ಟಿಟಿ600ಎಸ್ ಕೇಳಿ. ಸ್ಟ್ಯಾಂಡಿನ ಮೇಲೆ ಮಾತ್ರ ಆದರೆ ಯಾವುದಾದರೂ ಸರಿ, ಟ್ರಿಗರ್ ಒಂದು ಸೋನಿಯದಾಗಿದ್ದರೆ ಸಾಕು. ಮಿರರ್‌ಲೆಸ್‌ನವರು ಸೈಲೆಂಟ್ ಶಟರ್ ಆಫ್ ಮಾಡಿ, ಅದು ಆನ್ ಇದ್ದರೆ ಹೆಚ್ಚಿನ ಕ್ಯಾಮರಾಗಳಲ್ಲಿ ಫ್ಲ್ಯಾಷ್ ಹೊಡೆಯುವುದಿಲ್ಲ. ಟ್ರಿಗರ್ ಕೆಟ್ಟಿದೆ ಅಂತ ವಾಪಸ್ ತರುವವರಲ್ಲಿ ಇಂಥವರೂ ಇರುತ್ತಾರೆ.

ಮುಲುಂಡ್ ಮಳೆ:
ನೋಡಿದೆ. ನಡುವಿನ ಚುಕ್ಕೆ ಇಲ್ಲ! ನಾಳೆ ಆರ್ಡರ್ ಮಾಡುವವನಿದ್ದೆ. ಬದುಕಿಸಿದಿರಿ ಸರ್.

ಠಾಕುರ್ಲಿ ಹುಡುಗ:
ಎಲ್ಲರಿಗೂ ದೊಡ್ಡ ಥ್ಯಾಂಕ್ಸ್. ಮಾವನ ಫ್ಲ್ಯಾಷ್ ಅಳೆದೆ. 180 ವೋಲ್ಟ್! ಮತ್ತೆ ಬಟ್ಟೆ ಸುತ್ತಿ ಕಪಾಟಿನಲ್ಲಿಟ್ಟೆ. ಈಗ ಟಿಟಿ600 ಮತ್ತು ನಿಕಾನ್‌ಗೆ ಹೊಂದುವ ಎಕ್ಸ್2ಟಿ ಅಂತ ಮನಸ್ಸು ಮಾಡಿದ್ದೇನೆ. ಎಕ್ಸ್‌ಪ್ರೊ ಸ್ಕ್ರೀನ್ ದೊಡ್ಡದು, ಅದಕ್ಕೆ ಹೋಗಬೇಕಾ? ಮತ್ತೆ ಸೆಕೆಂಡ್ ಹ್ಯಾಂಡ್ ತಗೊಳ್ಳಬಹುದಾ?

ಕುರ್ಲಾ ಕ್ಯಾಮರಾ:
ಎಕ್ಸ್2ಟಿ ಸಾಕು. ಅದರ ತಲೆ ಮೇಲೂ ಒಂದು ಶೂ ಇದೆ, ಇನ್ನೊಂದು ಫ್ಲ್ಯಾಷ್ ಕೂರಿಸಬಹುದು. ಎಕ್ಸ್‌ಪ್ರೊಗೆ ಆ ಶೂ ಇಲ್ಲ. ಫ್ಲ್ಯಾಷ್‌ಗಳನ್ನು ಗುಂಪು ಮಾಡಿ ಬೇರೆ ಬೇರೆ ಪವರ್ ಕೊಡಲು ಐದು ಗ್ರೂಪಿನ ಬಟನ್ ಎರಡರಲ್ಲೂ ಇವೆ. ನಿಮ್ಮ ಹತ್ತಿರ ಇರುವುದು ಒಂದು ಫ್ಲ್ಯಾಷ್, ಐದು ಗ್ರೂಪಿಗೆ ಎಲ್ಲಿಗೆ ಹೋಗ್ತೀರಿ.

ಫ್ಲ್ಯಾಷ್ ಸೆಕೆಂಡ್ ಹ್ಯಾಂಡ್ ಆಗಬಹುದು, ಟ್ರಿಗರ್ ಹೊಸದೇ ಇರಲಿ. ಫೋರ್ಟಿನ ಬೋರಾ ಬಜಾರಿಗೆ ಹೋಗಿ, ಸಿಎಸ್‌ಎಂಟಿಯಿಂದ ನಡೆದೇ ಹೋಗಬಹುದು. ಭಾನುವಾರ ಹೋಗಬೇಡಿ, ಆ ಕಡೆ ಬಹಳಷ್ಟು ಅಂಗಡಿ ಮುಚ್ಚಿರುತ್ತವೆ. ಹಳೇ ಫ್ಲ್ಯಾಷ್ ನೋಡುವಾಗ ಬ್ಯಾಟರಿ ಮುಚ್ಚಳ ತೆಗೆದು ಸ್ಪ್ರಿಂಗ್ ನೋಡಿ, ಹಸಿರು ಕಿಲುಬು ಇದ್ದರೆ ಬಿಟ್ಟುಬಿಡಿ. ಮುಂದಿನ ಗಾಜಿನೊಳಗೆ ಟ್ಯೂಬ್ ಕಪ್ಪಾಗಿದ್ದರೆ ಬಹಳ ದುಡಿದಿದೆ ಅಂತ ಅರ್ಥ. ಫುಲ್ ಪವರ್‌ನಲ್ಲಿ ಹತ್ತು ಸಲ ಹೊಡೆಸಿ. ಅಂಗಡಿಯವರು ಮುಖ ಸಿಂಡರಿಸಿದರೆ ಸಿಂಡರಿಸಲಿ.

ಉಳಿದ ದುಡ್ಡನ್ನು ಸೆಲ್ಲಿಗೆ ಹಾಕಿ. ಎನೆಲೂಪ್ ತರಹದ ಚಾರ್ಜ್ ಮಾಡುವ ಸೆಲ್ ಎಂಟು ತಗೊಳ್ಳಿ. ಫ್ಲ್ಯಾಷಿಗೆ ನಾಲ್ಕು, ಎಕ್ಸ್2ಟಿಗೆ ಎರಡು, ಜೇಬಿಗೆ ಎರಡು. ಮಾಮೂಲಿ ಸೆಲ್ಲಿಗಿಂತ ಇವುಗಳಲ್ಲಿ ಫ್ಲ್ಯಾಷ್ ಬೇಗ ತುಂಬಿಕೊಳ್ಳುತ್ತೆ. ಮಳೆಗಾಲದಲ್ಲಿ ಕೆಲಸ ಇಲ್ಲದಾಗ ಎಲ್ಲದರಿಂದಲೂ ಸೆಲ್ ತೆಗೆದಿಡಿ. ನಮ್ಮ ಮುಂಬೈಯ ಥಂಡಿ ಯಾವುದನ್ನೂ ಬಿಡುವುದಿಲ್ಲ.

ಹಳೇ ರೋಲು:
ಯಾರೋ ಆಗಲೇ ನನಗೆ ಬೇರೆಯಾಗಿ ಕೇಳಿದರು, ಯಕ್ಷಗಾನಕ್ಕೂ ಇದೇ ಸೆಟ್ ಆಗುತ್ತಾ ಅಂತ. ರಂಗದ ಮೇಲೆ ಆಟ ನಡೆಯುವಾಗ ಫ್ಲ್ಯಾಷ್ ಹೊಡೆಯಬೇಡಿ, ವೇಷಧಾರಿಯ ಕಣ್ಣಿಗೆ ಕತ್ತಲೆ ಕಟ್ಟುತ್ತೆ, ನೋಡುವವರಿಗೂ ಕಿರಿಕಿರಿ. ಚೌಕಿಯಲ್ಲಿ ಬಣ್ಣ ಹಚ್ಚುವಾಗ ಕೇಳಿಕೊಂಡು, ಗೋಡೆಗೆ ತಿರುಗಿಸಿ, ಕಡಿಮೆ ಪವರ್‌ನಲ್ಲಿ ಒಂದೆರಡು ತೆಗೆಯಿರಿ. ಕಿರೀಟದ ಮಿಂಚಿಗೆ ಪಕ್ಕದ ಬೆಳಕು ಎಷ್ಟು ಚೆಂದ ಅಂತ ಆಗ ಗೊತ್ತಾಗುತ್ತೆ.

ಠಾಕುರ್ಲಿ ಹುಡುಗ:
ತಗೊಂಡೆ! ಹಳೇ ಟಿಟಿ600, ಹೊಸ ಎಕ್ಸ್2ಟಿ, ಬಿಳಿ ಛತ್ರಿ, ಸ್ಟ್ಯಾಂಡು, ಎಂಟು ಸೆಲ್. ಹನ್ನೆರಡಕ್ಕೆ ಮುನ್ನೂರು ಮೇಲೆ ಹೋಯಿತು. ಅಂಗಡಿಯಲ್ಲಿ ಗೋಡೆ ಪರೀಕ್ಷೆ ಮಾಡಿದೆ, 1/200ರಲ್ಲೂ ಪಟ್ಟಿ ಇಲ್ಲ. ನಿನ್ನೆ ಮನೆಯಲ್ಲಿ ಹಳೇ ರೋಲು ಸರ್ ಹೇಳಿದ ಎಸ್1 ಪ್ರಯೋಗವನ್ನೂ ಮಾಡಿದೆ, ಮಜಾ ಬಂತು.

ಆದರೆ ಇವತ್ತು ಬೆಳಿಗ್ಗೆಯಿಂದ ಎಕ್ಸ್2ಟಿಗೆ ಫ್ಲ್ಯಾಷ್ ಹೊಡೆಯುತ್ತಲೇ ಇಲ್ಲ. ಚಾನೆಲ್ ಎರಡರಲ್ಲೂ 7, ಐಡಿ ಎರಡರಲ್ಲೂ 23. ಗ್ರೂಪ್ ಎ. ಸೆಲ್ ತುಂಬಿವೆ. ಭಾನುವಾರ ಕಲ್ಯಾಣ್‌ನಲ್ಲಿ ನಾಮಕರಣ ಇದೆ. ಕೈಕಾಲು ತಣ್ಣಗಾಗಿದೆ.

ಸರ್ಕಿಟ್ ಭಟ್:
ಎರಡನ್ನೂ ಒಂದೇ ಟೇಬಲ್ ಮೇಲಿಟ್ಟು ನೋಡುತ್ತಿದ್ದೀರಾ? ತೀರಾ ಹತ್ತಿರ ಇದ್ದರೂ ತಪ್ಪಬಹುದು. ಟ್ರಿಗರಿನಲ್ಲಿ ದೂರದ ಸೆಟ್ಟಿಂಗ್ ಇದೆ, 1-100 ಮೀಟರ್ ಒಂದು, 0-30 ಮೀಟರ್ ಒಂದು. ನಮ್ಮ ಫ್ಲ್ಯಾಟ್‌ಗಳಿಗೆ 0-30 ಇಡಿ.

ಠಾಕುರ್ಲಿ ಹುಡುಗ:
0-30 ಇಟ್ಟೆ. ಹಾಲ್‌ನಿಂದ ಅಡುಗೆಮನೆವರೆಗೂ ಹೋಗಿ ಬಂದೆ. ಇಲ್ಲ.

ಹಳೇ ರೋಲು:
ತಮ್ಮಾ, ನಿನ್ನೆ ಎಸ್1 ಆಡಿದಿರಲ್ಲ, ಫ್ಲ್ಯಾಷನ್ನು ಅದರಿಂದ ಹೊರಗೆ ತಂದಿರಾ?

ಠಾಕುರ್ಲಿ ಹುಡುಗ:
ಅಯ್ಯೋ. ಇಲ್ಲ. ಇನ್ನೂ ಎಸ್1ರಲ್ಲೇ ಇತ್ತು. ರೇಡಿಯೊ ಮೋಡಿಗೆ ತಂದ ತಕ್ಷಣ ಹೊಡೆಯಿತು. ಹೆಂಡತಿ ನಗುತ್ತಿದ್ದಾಳೆ.

ಕುರ್ಲಾ ಕ್ಯಾಮರಾ:
ನಗಲಿ ಬಿಡಿ. ಭಾನುವಾರಕ್ಕೆ ಶುರುವಿಗೆ ಐಎಸ್‌ಒ 400, ಎಫ್/4, 1/125, ಫ್ಲ್ಯಾಷ್ 1/8. ಛತ್ರಿ ತೊಟ್ಟಿಲಿನ ಒಂದು ಪಕ್ಕ, ಸ್ವಲ್ಪ ಮೇಲಿಂದ ಕೆಳಕ್ಕೆ. ಮೊದಲು ಮಗುವಿನ ಬದಲು ತೆಂಗಿನಕಾಯಿ ಇಟ್ಟು ನೋಡಿ, ಪವರ್ ಅಲ್ಲೇ ಸರಿಮಾಡಿಕೊಳ್ಳಿ. ಸ್ಟ್ಯಾಂಡಿನ ಕಾಲುಗಳನ್ನು ಗೋಡೆ ಮೂಲೆಗೆ ಸೇರಿಸಿ, ಮೇಲೆ ಒಂದು ಐದು ಕಿಲೋ ಅಕ್ಕಿ ಚೀಲ. ನಾಮಕರಣದ ಮನೆಯಲ್ಲಿ ಓಡಾಡುವ ಹುಡುಗರು ಗೋವಾದ ಗಾಳಿಗಿಂತ ಜೋರು.

ಠಾಕುರ್ಲಿ ಹುಡುಗ:
ಅಕ್ಕಿ ಚೀಲ ಅವರ ಮನೆಯದೇ ಕೇಳುತ್ತೇನೆ. ತೆಂಗಿನಕಾಯಿಯ ಮೊದಲ ಫೋಟೊ ಇಲ್ಲೇ ಹಾಕುತ್ತೇನೆ.